ಕಾರಿನಡಿಯ ಗುಲಾಬಿ ಹನಿ: ಹಟಮಾರಿ ಕೂಲೆಂಟ್ ಸೋರಿಕೆಯ ಬೆನ್ನು ಹತ್ತಿ

ಚಳಿಗಾಲ ಶುರುವಾಗುವ ಹೊತ್ತಿಗೆ ನಮ್ಮ ಸಂಘದ ವಾಟ್ಸಾಪ್ ಗುಂಪಿನಲ್ಲಿ ಎರಡು ಪ್ರಶ್ನೆ ತಪ್ಪದೆ ಬರುತ್ತವೆ. ಒಂದು, ಒಳ್ಳೆ ಜಾಕೆಟ್ ಎಲ್ಲಿ ಕಡಿಮೆಗೆ ಸಿಗುತ್ತೆ. ಇನ್ನೊಂದು, "ಕಾರಿನ ಕೆಳಗೆ ಏನೋ ಬಣ್ಣದ ನೀರು ಬಿದ್ದಿದೆ, ಓಡಿಸಬಹುದಾ?" ಜಾಕೆಟ್ ವಿಷಯ ಗೊತ್ತಿರುವವರು ಬೇಕಾದಷ್ಟು ಜನ ಇದ್ದಾರೆ. ಎರಡನೆಯದಕ್ಕೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಹೋದ ಚಳಿಗಾಲ ನಾವು ನಾಲ್ವರು ಸೇರಿ ಕೊಂಡಿದ್ದ ಕಾರಿನ ಸೋರಿಕೆಯನ್ನು ಹುಡುಕಿ ಹುಡುಕಿ ಸರಿಮಾಡಿದ್ದರಿಂದ, ಅದರಲ್ಲಿ ಕಲಿತದ್ದನ್ನು ಇಲ್ಲಿ ಬರೆದಿಡುತ್ತಿದ್ದೇವೆ. ಇದು ಅಮೆರಿಕದ ಮಿಷಿಗನ್ ಚಳಿಗೆ ಬರೆದದ್ದು. ದುಬೈಯಲ್ಲೋ ಸಿಂಗಾಪುರದಲ್ಲೋ ಕುಳಿತು ಓದುವವರು ಹೆಪ್ಪುಗಟ್ಟುವ ಮಾತನ್ನು ಬಿಟ್ಟು ಓದಿದರೂ ಮಿಕ್ಕದ್ದೆಲ್ಲ ಉಪಯೋಗಕ್ಕೆ ಬರುತ್ತದೆ.

ಮೊದಲು ನಮ್ಮ ಕಾರಿನ ಜಾತಕ ಹೇಳಿಬಿಡುತ್ತೇವೆ. 14 ವರ್ಷದ ಹಳೆಯ ಜಪಾನಿ ಸೆಡಾನ್. 1 ಲಕ್ಷ 40 ಸಾವಿರ ಮೈಲಿ ಓಡಿದೆ. ನಾವು ಕೊಟ್ಟದ್ದು 3,400 ಡಾಲರ್. ಕೂಲೆಂಟ್ ವಾರಕ್ಕೆ ಎರಡು ಬೆರಳಿನಷ್ಟು ಇಳಿಯುತ್ತಿತ್ತು, ನೆಲದ ಮೇಲೆ ಒಮ್ಮೊಮ್ಮೆ ಮಾತ್ರ ಹನಿ. ತೋರಿಸಿದ ಗ್ಯಾರೇಜಿನಲ್ಲಿ ಹತ್ತು ನಿಮಿಷ ನೋಡಿ, "ಹೆಡ್ ಗ್ಯಾಸ್ಕೆಟ್ ಇರಬೇಕು, 1,900 ಡಾಲರ್ ಆಗುತ್ತೆ, ಈ ಕಾರಿಗೆ ಅಷ್ಟು ಹಾಕೋದು ದಂಡ" ಅಂದರು. ನಮ್ಮಲ್ಲೊಬ್ಬನಿಗೆ 40 ಮೈಲಿ ದೂರದಲ್ಲಿ ಇಂಟರ್ನ್‌ಶಿಪ್, ಬಸ್ಸಿಲ್ಲ. ಕಾರು ಹೋದರೆ ಅವನ ಕೆಲಸವೂ ಹೋಗುತ್ತಿತ್ತು. ಗುಜರಿಗೆ ಹಾಕುವ ಮುಂಚೆ ನಾವೇ ಒಂದು ಸಲ ನೋಡೋಣ ಅಂತ ಶುರುಮಾಡಿದ್ದು ಹಾಗೆ.

ನೀರು ಯಾಕೆ ಸಾಲದು

ನಮ್ಮೂರಲ್ಲಿ ಘಾಟಿ ಹತ್ತುವ ಲಾರಿಯವರು ಕ್ಯಾನಿನಲ್ಲಿ ನೀರಿಟ್ಟುಕೊಂಡು ರೇಡಿಯೇಟರ್‌ಗೆ ಸುರಿಯುವುದನ್ನು ನೋಡಿ ಬೆಳೆದವರು ನಾವು. ಹಾಗಾಗಿ "ಇಳಿದರೆ ನೀರು ಹಾಕಿದ್ರಾಯ್ತು" ಅನ್ನುವುದು ತಲೆಯಲ್ಲಿ ಕೂತುಬಿಟ್ಟಿದೆ. ಬಯಲುಸೀಮೆಯ ಬಿಸಿಲಲ್ಲಿ ಅದು ಹೇಗೋ ನಡೆಯುತ್ತದೆ. ಇಲ್ಲಿ ನಡೆಯುವುದಿಲ್ಲ. ನೀರು ಹೆಪ್ಪುಗಟ್ಟುವಾಗ ಸುಮಾರು 9% ಹಿಗ್ಗುತ್ತದೆ. ಎಂಜಿನ್ ಬ್ಲಾಕಿನ ಒಳಗೆ ಹಿಗ್ಗಲು ಜಾಗ ಎಲ್ಲಿದೆ? ರೇಡಿಯೇಟರ್ ಸೀಳಬಹುದು, ಬ್ಲಾಕೇ ಬಿರಿಯಬಹುದು.

ಎಥಿಲೀನ್ ಗ್ಲೈಕಾಲ್ ಮತ್ತು ನೀರು ಅರ್ಧಕ್ಕರ್ಧ ಬೆರೆಸಿದರೆ ಸುಮಾರು ಮೈನಸ್ 37 ಡಿಗ್ರಿ ಸೆಲ್ಸಿಯಸ್‌ವರೆಗೆ ಹೆಪ್ಪುಗಟ್ಟುವುದಿಲ್ಲ. ಹಾಗಂತ ಬರೀ ಗ್ಲೈಕಾಲ್ ಸುರಿದರೆ ಇನ್ನೂ ಒಳ್ಳೆಯದು ಅಂದುಕೊಳ್ಳಬೇಡಿ. ಅಪ್ಪಟ ಎಥಿಲೀನ್ ಗ್ಲೈಕಾಲ್ ಮೈನಸ್ 13ರ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ! ಎರಡೂ ಕೂಡಿದಾಗಲೇ ಅದರ ಮಹಿಮೆ. ಈಗ ಸೋರುವ ಕಾರಿಗೆ ವಾರ ವಾರ ನಲ್ಲಿ ನೀರು ತುಂಬುತ್ತಾ ಬಂದರೆ ಏನಾಗುತ್ತೆ ನೋಡಿ. ಗ್ಲೈಕಾಲ್ 40% ಆದರೆ ತಡೆಯುವುದು ಸುಮಾರು ಮೈನಸ್ 24ರ ತನಕ, 30% ಆದರೆ ಮೈನಸ್ 15ರ ಹತ್ತಿರ. ಜನವರಿಯ ಒಂದು ರಾತ್ರಿಗೆ ಅಷ್ಟು ಸಾಕು. ಕೆಲವು ಡಾಲರ್‌ಗೆ ಚೆಂಡು ತೇಲುವ ಪುಟ್ಟ ಪರೀಕ್ಷಕ ಸಿಗುತ್ತದೆ, ತಣ್ಣಗಿರುವ ಕೂಲೆಂಟನ್ನು ಅದಕ್ಕೆ ಎಳೆದು ನೋಡಿದರೆ ಎಷ್ಟು ಚಳಿ ತಡೆಯುತ್ತದೆ ಅಂತ ಗೊತ್ತಾಗುತ್ತದೆ. ಸೋರುವ ಕಾರಿದ್ದವರು ಇವತ್ತೇ ನೋಡಿ.

ಇನ್ನೊಂದು ಮಾತು, ಇದನ್ನು ದಪ್ಪ ಅಕ್ಷರದಲ್ಲಿ ಬರೆಯಬೇಕಿತ್ತು. ಕೂಲೆಂಟ್ ತುಂಬಾ ಕಡಿಮೆಯಾದಾಗ ಡ್ಯಾಶ್‌ಬೋರ್ಡಿನ ಬಿಸಿಯ ಮುಳ್ಳನ್ನು ನಂಬುವಂತಿಲ್ಲ. ಸೆನ್ಸರ್ ದ್ರವದೊಳಗೆ ಮುಳುಗಿರಬೇಕು, ಅದರ ಸುತ್ತ ಬರೀ ಗಾಳಿ ಉಳಿದರೆ ಎಂಜಿನ್ ಬೇಯುತ್ತಿದ್ದರೂ ಮುಳ್ಳು ಸುಮ್ಮನೆ ನಿಂತಿರಬಹುದು. ಅದಕ್ಕಿಂತ ಮುಂಚೆ ಸುಳಿವು ಕೊಡುವುದು ಹೀಟರ್. ಹೈವೇಯಲ್ಲಿ ಹೋಗುತ್ತಿರುವಾಗ ಬಿಸಿಗಾಳಿ ಇದ್ದಕ್ಕಿದ್ದಂತೆ ತಣ್ಣಗಾದರೆ ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಸಹಾಯಕ್ಕೆ ಫೋನ್ ಮಾಡಿ. ಮುಚ್ಚಳ ಮಾತ್ರ ತೆಗೆಯಬೇಡಿ. ಒತ್ತಡದಲ್ಲಿರುವ ಕೂಲೆಂಟ್ 100 ಡಿಗ್ರಿ ದಾಟಿಯೂ ಕುದಿಯದೆ ಕೂತಿರುತ್ತದೆ, ಮುಚ್ಚಳ ತೆರೆದ ಕ್ಷಣ ಉಕ್ಕಿ ಮುಖಕ್ಕೇ ಬರುತ್ತದೆ.

ಹನಿ ಬಿದ್ದಲ್ಲಿ ತೂತಿರುವುದಿಲ್ಲ

ಈ ಸೋರಿಕೆ ಯಾಕಿಷ್ಟು ಹಟಮಾರಿ ಅಂದರೆ, ಅದು ನಾವು ನೋಡುವಾಗ ಸೋರುವುದಿಲ್ಲ. ಕೆಲವು ಎಂಜಿನ್ ಬಿಸಿಯಾಗಿ ಒತ್ತಡ ಏರಿದಾಗಷ್ಟೇ ಸೋರುತ್ತವೆ, ಹೊರಬಂದ ಹನಿ ಬಿಸಿ ಲೋಹದ ಮೇಲೆ ಬಿದ್ದು ಆವಿಯಾಗುತ್ತದೆ, ನೆಲ ಒಣಗಿಯೇ ಇರುತ್ತದೆ. ಕೆಲವು ಇದಕ್ಕೆ ತದ್ವಿರುದ್ಧ. ಚಳಿಯಲ್ಲಿ ರಬ್ಬರ್ ಮುದುಡಿ ಬಿಗಿ ಸಡಿಲವಾದಾಗ ಬೆಳಗಿನ ಜಾವ ನಾಲ್ಕು ಹನಿ, ಕಾರು ಬೆಚ್ಚಗಾದ ಮೇಲೆ ಬಂದ್. ಹೊರಬಂದ ದ್ರವ ಕೆಳಗಿನ ಪ್ಲಾಸ್ಟಿಕ್ ತಗಡಿನ ಮೇಲೆ ಹರಿದು ಒಂದಡಿ ಆಚೆ ತೊಟ್ಟಿಕ್ಕುತ್ತದೆ. ಗಾಳಿಯ ರಭಸಕ್ಕೆ ಹಿಂದಕ್ಕೂ ಹಾರುತ್ತದೆ. ನಮ್ಮ ಅನುಭವದಲ್ಲಿ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ: ಹಳೇ ಕಾರಿನಲ್ಲಿ ಸೋರಿಕೆ ಒಂದೇ ಇರುವುದಿಲ್ಲ. ಒಂದನ್ನು ಮುಚ್ಚಿದರೆ ಒತ್ತಡ ಹೆಚ್ಚಿ ಇನ್ನೊಂದು ಬಾಯಿ ಬಿಡುತ್ತದೆ. ಒಂದು ರಿಪೇರಿ ಮಾಡಿಸಿ ಮತ್ತೆ ಸೋರಿದಾಗ "ಹಾಗಾದ್ರೆ ಎಂಜಿನ್ನೇ ಹೋಗಿದೆ" ಅಂತ ಕೈಬಿಡುವವರು ಇಲ್ಲೇ ಏಮಾರುತ್ತಾರೆ.

ಹಾಗಾಗಿ ಮೊದಲು ತಿಳಿಯಬೇಕಾದದ್ದು ಒಳಗೆ ಸೋರುತ್ತಿದೆಯೋ ಹೊರಗೋ ಎಂಬುದು. ಹೆಡ್ ಗ್ಯಾಸ್ಕೆಟ್ ಹೋಗಿದ್ದರೆ ಕೂಲೆಂಟ್ ಸಿಲಿಂಡರಿನೊಳಗೆ ಹೋಗಿ ಸುಟ್ಟು ಹೊಗೆಕೊಳವೆಯಿಂದ ಸಿಹಿ ವಾಸನೆಯ ಬಿಳಿ ಹೊಗೆಯಾಗಿ ಬರಬಹುದು. ಆಯಿಲ್ ಹಾಲು ಬೆರೆಸಿದ ಕಾಫಿಯಂತೆ ಆಗಬಹುದು. (ಚಳಿಯಲ್ಲಿ ಬರುವ ಮಾಮೂಲಿ ಬಿಳಿ ಆವಿ ನೋಡಿ ಗಾಬರಿ ಬೀಳಬೇಡಿ, ಅದಕ್ಕೆ ಸಿಹಿ ವಾಸನೆ ಇರಲ್ಲ.) ಕಣ್ಣಂದಾಜಿಗೆ ಬಿಡದೆ ತೀರ್ಮಾನಿಸಲು ಒಂದು ಸುಲಭದ ಪರೀಕ್ಷೆ ಇದೆ. ತಣ್ಣಗಿದ್ದಾಗ ರೇಡಿಯೇಟರ್ ಮುಚ್ಚಳ ತೆಗೆದು ಸ್ವಲ್ಪ ಕೂಲೆಂಟ್ ಹೊರಗೆಳೆದು ಮಟ್ಟ ಇಳಿಸಿ, ಎಂಜಿನ್ ಚಾಲೂ ಮಾಡಿ, ಬಾಯಿಗೆ ನೀಲಿ ದ್ರವವಿರುವ ಗಾಜಿನ ನಳಿಕೆ ಇಟ್ಟು ಮೇಲಿನ ಗಾಳಿಯನ್ನು ಎಳೆಯುವುದು. ಸುಟ್ಟ ಅನಿಲದ ಕಾರ್ಬನ್ ಡೈಆಕ್ಸೈಡ್ ಅದರಲ್ಲಿದ್ದರೆ ನೀಲಿ ಹಳದಿಯಾಗುತ್ತದೆ. ಹೈಸ್ಕೂಲಿನ ಲಿಟ್ಮಸ್ ಪ್ರಯೋಗದ ಅಣ್ಣತಮ್ಮ ಅಂದುಕೊಳ್ಳಿ. ನಮ್ಮದು ಎರಡು ಸಲ ಮಾಡಿದರೂ ನೀಲಿಯಾಗಿಯೇ ಉಳಿಯಿತು. ಹತ್ತು ಡಾಲರ್ ದ್ರವ 1,900 ಡಾಲರಿನ ಭಯ ಇಳಿಸಿತು.

ಆ ನಳಿಕೆಯನ್ನಾಗಲೀ ಒತ್ತಡ ಪರೀಕ್ಷಿಸುವ ಪಂಪನ್ನಾಗಲೀ ಕೊಳ್ಳಬೇಕಾಗಿಲ್ಲ. ಆಟೋಜೋನ್, ಓರೈಲಿಯಂಥ ಬಿಡಿಭಾಗದ ಅಂಗಡಿಗಳು ಠೇವಣಿ ಇಟ್ಟರೆ ಹತಾರ ಕೊಡುತ್ತವೆ, ವಾಪಸ್ ಕೊಟ್ಟಾಗ ದುಡ್ಡೂ ವಾಪಸ್. ಈ ದೇಶದಲ್ಲಿ ವಿದ್ಯಾರ್ಥಿಗಳಿಗೆ ಇದಕ್ಕಿಂತ ಉಪಕಾರಿಯಾದ ಪದ್ಧತಿ ನಾವಂತೂ ಕಂಡಿಲ್ಲ. ನೀಲಿ ದ್ರವ ಮಾತ್ರ ನಾವೇ ಕೊಳ್ಳಬೇಕು.

ಒತ್ತಡದ ಪರೀಕ್ಷೆ ಹೀಗೆ. ಎಂಜಿನ್ ಪೂರ್ತಿ ತಣ್ಣಗಿರಬೇಕು. ಮುಚ್ಚಳದ ಜಾಗಕ್ಕೆ ಪಂಪ್ ಸಿಕ್ಕಿಸಿ, ಮುಚ್ಚಳದ ಮೇಲೆ ಎಷ್ಟು ಬರೆದಿದೆಯೋ ಅಷ್ಟೇ ಒತ್ತಡಕ್ಕೆ ಏರಿಸಬೇಕು. ಎಷ್ಟೋ ಕಾರುಗಳಲ್ಲಿ 13ರಿಂದ 16 ಪಿಎಸ್ಐ ಇರುತ್ತದೆ. ಆಮೇಲೆ ಇಪ್ಪತ್ತು ನಿಮಿಷ ಟೀ ಕುಡಿಯಿರಿ. ಮುಳ್ಳು ಇಳಿದಿದ್ದರೆ ಸೋರಿಕೆ ಇದೆ. ಟಾರ್ಚ್ ಹಿಡಿದು ಪೈಪಿನ ಜೋಡಣೆಗಳು, ರೇಡಿಯೇಟರಿನ ಪ್ಲಾಸ್ಟಿಕ್ ತೊಟ್ಟಿ ಅಲ್ಯೂಮಿನಿಯಂಗೆ ಸೇರುವ ಅಂಚು, ಥರ್ಮೋಸ್ಟಾಟ್ ಗೂಡು, ನೀರಿನ ಪಂಪು, ಎಲ್ಲ ನೋಡಬೇಕು. ಕೈ ಹೋಗದ ಕಡೆ ಮೊಬೈಲ್ ಕ್ಯಾಮೆರಾ ಇಳಿಸಿ. ಒಣಗಿದ ಕೂಲೆಂಟ್ ಉಪ್ಪುಗಟ್ಟಿದ ಹಾಗೆ ಬಿಳಿ ಅಥವಾ ಗುಲಾಬಿ ಪುಡಿಯ ಗೆರೆ ಬಿಟ್ಟಿರುತ್ತದೆ. ಹೊರಗೆಲ್ಲೂ ಕಾಣದಿದ್ದರೆ ಕಾರಿನೊಳಗೆ ಮುಂದಿನ ಸೀಟಿನ ಕಾಲ ಬಳಿಯ ಕಾರ್ಪೆಟ್ ಮುಟ್ಟಿ ನೋಡಿ. ಅದು ಅಂಟಂಟಾಗಿ ಒದ್ದೆಯಿದ್ದರೆ, ಗಾಜಿನ ಒಳಮೈಗೆ ಜಿಡ್ಡು ಮಂಜು ಕಟ್ಟುತ್ತಿದ್ದರೆ, ಹೀಟರ್ ಕೋರ್ ಹೋಗಿದೆ ಎಂದರ್ಥ.

ನಮ್ಮ ಕಾರಿನ ಮೂರು ಕಳ್ಳರು

ಮೊದಲ ಕಳ್ಳ ಮುಚ್ಚಳವೇ. ಅದೇ ಪಂಪಿಗೆ ಮುಚ್ಚಳ ಸಿಕ್ಕಿಸಿ ಪರೀಕ್ಷಿಸಬಹುದು, ನಮ್ಮದು 6 ಪಿಎಸ್ಐಗೇ ಉಸಿರು ಬಿಟ್ಟಿತು. ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಅದರಲ್ಲಿ ಎರಡು ಕವಾಟ ಇರುತ್ತವೆ. ಬಿಸಿಯಾಗಿ ಹಿಗ್ಗಿದ ಕೂಲೆಂಟನ್ನು ಒಂದು ಪಕ್ಕದ ಡಬ್ಬಿಗೆ ಬಿಡುತ್ತದೆ, ತಣ್ಣಗಾಗಿ ಕುಗ್ಗಿದಾಗ ಇನ್ನೊಂದು ಡಬ್ಬಿಯಿಂದ ವಾಪಸ್ ಎಳೆದುಕೊಳ್ಳುತ್ತದೆ. ಎರಡನೆಯದು ಕೆಟ್ಟರೆ ಡಬ್ಬಿ ತುಂಬಿಯೇ ಇರುತ್ತದೆ, ರೇಡಿಯೇಟರ್ ಮಾತ್ರ ಬರಿದಾಗುತ್ತಿರುತ್ತದೆ. ಹಾಗಾಗಿ ಡಬ್ಬಿಯ ಗೆರೆ ನೋಡಿ ನಿಶ್ಚಿಂತರಾಗಬೇಡಿ, ತಣ್ಣಗಿದ್ದಾಗ ರೇಡಿಯೇಟರಿನ ಬಾಯನ್ನೂ ನೋಡಿ. 12 ಡಾಲರಿಗೆ ಹೊಸ ಮುಚ್ಚಳ ಹಾಕಿದೆವು.

ಹಾಕಿದ ಮರುದಿನ ಸೋರಿಕೆ ಜಾಸ್ತಿಯಾಯಿತು! ಹುಬ್ಬಳ್ಳಿ ಗೆಳೆಯ, "ಹೊಸಾದು ಹಾಕಿದ್ ಮ್ಯಾಲೆ ಹೆಚ್ಚಾತಲ್ಲೋ, ಹಳೇದ ಛಲೋ ಇತ್ತು" ಅಂದ. ಆದರೆ ಆಗಬೇಕಾದದ್ದು ಅದೇ. ಹಳೇ ಮುಚ್ಚಳ ಒತ್ತಡ ಹಿಡಿಯುತ್ತಿರಲಿಲ್ಲ, ಆದ್ದರಿಂದ ಬೇರೆ ದುರ್ಬಲ ಜಾಗಗಳು ಹೇಗೋ ಬಚಾವಾಗಿದ್ದವು. ಈಗ ಪೂರ್ತಿ ಒತ್ತಡ ಬಂದು ಕೆಳಗಿನ ದಪ್ಪ ರಬ್ಬರ್ ಪೈಪು ರೇಡಿಯೇಟರಿಗೆ ಸೇರುವಲ್ಲಿ ಹನಿ ಸ್ಪಷ್ಟವಾಗಿ ಕಂಡಿತು. ಮೈನಸ್ 12ರ ಬೆಳಿಗ್ಗೆ ತೊಟ್ಟಿಕ್ಕುತ್ತಿದ್ದದ್ದು ಮಧ್ಯಾಹ್ನ ಮಾಯ. ಹಿಂದಿನ ಮಾಲೀಕರು ಯಾರೋ ಅಲ್ಲಿಗೆ ತಿರುಪಿನ ಕ್ಲಾಂಪ್ ಹಾಕಿ ರಬ್ಬರ್ ಕತ್ತರಿಸುವಷ್ಟು ಬಿಗಿದಿದ್ದರು. ತಿರುಪಿನ ಕ್ಲಾಂಪ್ ಎಷ್ಟಕ್ಕೆ ಬಿಗಿದರೆ ಅಷ್ಟಕ್ಕೇ ನಿಲ್ಲುತ್ತದೆ, ಚಳಿಗೆ ರಬ್ಬರ್ ಕುಗ್ಗಿದರೆ ಅದು ಜೊತೆಗೆ ಕುಗ್ಗುವುದಿಲ್ಲ. ಕಂಪನಿ ಹಾಕಿ ಕಳಿಸುವ ಸ್ಪ್ರಿಂಗ್ ಕ್ಲಾಂಪ್ ನೋಡಲು ಸದರ, ಆದರೆ ಅದು ಸದಾ ಅಮುಕಿಕೊಂಡೇ ಇರುತ್ತದೆ. ಪೈಪ್ ಬಿಚ್ಚಿದರೆ ಒಳಗಿನ ಕತ್ತಿನ ಮೇಲೆ ಹಳೇ ಕೂಲೆಂಟಿನ ಗಟ್ಟಿ ಪೊರೆ. ಅದನ್ನು ಪಾತ್ರೆ ತಿಕ್ಕುವ ಹಸಿರು ನಾರಿನಿಂದ ಉಜ್ಜಿ ನುಣುಪು ಮಾಡಿ, ಹೊಸ ಪೈಪು, ಹೊಸ ಸ್ಪ್ರಿಂಗ್ ಕ್ಲಾಂಪ್ ಹಾಕಿದೆವು. ಅದು ನಿಂತಿತು.

ಆದರೂ ವಾರಕ್ಕೆ ಅರ್ಧ ಬೆರಳು ಇಳಿಯುತ್ತಲೇ ಇತ್ತು. ನೆಲ ಒಣ, ಒತ್ತಡದ ಪರೀಕ್ಷೆಯಲ್ಲಿ ಮುಳ್ಳು ಅಲುಗುವುದಿಲ್ಲ. ಈ ಹಂತದಲ್ಲೇ ಸಲಹೆಗಳ ಸುರಿಮಳೆ. ನಮ್ಮಲ್ಲೊಬ್ಬನ ಸೋದರಮಾವ ದಾವಣಗೆರೆಯಲ್ಲಿ ಲಾರಿ ಇಟ್ಟುಕೊಂಡವರು, ಫೋನಿನಲ್ಲಿ "ಎರಡು ಚಮಚ ಅರಿಶಿನ ಪುಡಿ ಹಾಕಿಬಿಡ್ರಪ್ಪಾ, ನಿಂತೋಗುತ್ತೆ" ಅಂದರು. ಅದು ತಮಾಷೆಯ ಮಾತಲ್ಲ. ದಾರಿಯಲ್ಲಿ ಕೈಕೊಟ್ಟ ರೇಡಿಯೇಟರಿಗೆ ಅರಿಶಿನ ಹಾಕುವುದು ನಮ್ಮ ಕಡೆಯ ಚಾಲಕರ ಹಳೇ ಉಪಾಯ, ಪುಡಿ ಹೋಗಿ ಸಣ್ಣ ತೂತಿನಲ್ಲಿ ಕೂರುತ್ತದೆ. ಇಲ್ಲಿ ಬಾಟಲಿಯಲ್ಲಿ ಮಾರುವ ಸೋರಿಕೆ ನಿಲ್ಲಿಸುವ ಔಷಧದ ತತ್ವವೂ ಬಹುಪಾಲು ಇದೇ. ತೊಂದರೆ ಏನೆಂದರೆ ಪುಡಿಗೆ ತೂತು ಯಾವುದು, ಹೀಟರ್ ಕೋರಿನ ಸಣ್ಣ ಕೊಳವೆ ಯಾವುದು ಅಂತ ಗೊತ್ತಿಲ್ಲ. ಲಾರಿಗೆ ಹೀಟರ್ ಬೇಕಿಲ್ಲದ ಊರಿನಲ್ಲಿ ಅದು ಜಾಣತನ. ಮಿಷಿಗನ್‌ನಲ್ಲಿ ಹೀಟರ್ ಕಟ್ಟಿಕೊಂಡರೆ ಗಾಜಿನ ಮೇಲಿನ ಮಂಜು ಕರಗುವುದಿಲ್ಲ, ಕಾರು ಓಡಿಸುವಂತಿಲ್ಲ. ಮಾವನಿಗೆ "ಆಯ್ತು ಮಾವ" ಅಂತ ಹೇಳಿ, ಅರಿಶಿನವನ್ನು ಸಾರಿಗೆ ಉಳಿಸಿಕೊಂಡೆವು.

ನಾವು ಹಾಕಿದ್ದು ನೇರಳಾತೀತ ಬೆಳಕಿಗೆ ಹೊಳೆಯುವ ಬಣ್ಣ. ಪುಟ್ಟ ಶೀಶೆ, ರೇಡಿಯೇಟರಿಗೆ ಸುರಿದು ನಾಲ್ಕು ದಿನ ಓಡಿಸಿ, ರಾತ್ರಿ ದೀಪ ಆರಿಸಿ ಅದರ ಟಾರ್ಚ್ ಹಿಡಿದರೆ ಸೋರಿದ ಜಾಗವೆಲ್ಲ ಹಸಿರು ಮಿಂಚು. ನಮ್ಮದು ಹೊಳೆದದ್ದು ನೀರಿನ ಪಂಪಿನ ಗಾಲಿಯ ಹಿಂದೆ. ಪಂಪಿನ ಮೈಯಲ್ಲಿ ಬೇಕೆಂದೇ ಬಿಟ್ಟ ಒಂದು ಸಣ್ಣ ರಂಧ್ರ ಇರುತ್ತದೆ. ಒಳಗೆ ಕೂಲೆಂಟ್ ತಡೆಯುವ ಸೀಲ್, ಅದರ ಹಿಂದೆ ಬೇರಿಂಗ್. ಸೀಲ್ ಸವೆದು ಕೂಲೆಂಟ್ ನುಗ್ಗಿದರೆ ಬೇರಿಂಗಿಗೆ ಹೋಗುವ ಬದಲು ಆ ರಂಧ್ರದಿಂದ ಹೊರಬೀಳಲಿ ಅಂತ ಈ ಏರ್ಪಾಟು. "ಎಂ-ಸೀಲ್ ಹಚ್ಚಿ ಮುಚ್ಚಿಬಿಡೋಣ ಮಾರಾಯ" ಅಂತ ಮಂಗಳೂರಿನವನು ಹೇಳಿದ, ಪಾಪ. ಮುಚ್ಚಿದರೆ ಕೂಲೆಂಟ್ ಬೇರಿಂಗನ್ನು ತಿಂದು ಪಂಪು ಹೈವೇ ಮಧ್ಯೆ ಹಿಡಿದುಕೊಳ್ಳುತ್ತದೆ. ಆ ಹನಿ ಕಾಯಿಲೆಯಲ್ಲ, ಪಂಪು ಬದಲಾಯಿಸಿ ಅನ್ನುವ ಚೀಟಿ. ನಿಂತ ಎಂಜಿನ್ನಿನಲ್ಲಿ ಒತ್ತಡ ಕೊಟ್ಟಾಗ ಸೀಲ್ ಹಿಡಿದುಕೊಂಡಿತ್ತು, ತಿರುಗುವಾಗ ಮಾತ್ರ ಬಿಡುತ್ತಿತ್ತು. ಪರೀಕ್ಷೆಯಲ್ಲಿ ಮುಳ್ಳು ಅಲುಗದಿದ್ದದ್ದು ಅದಕ್ಕೇ.

ಪಂಪು ಬದಲಾಯಿಸಿದ ಶನಿವಾರ

ಇಲ್ಲೊಂದು ಎಚ್ಚರಿಕೆ. ಕೆಲವು ಕಾರುಗಳಲ್ಲಿ ನೀರಿನ ಪಂಪನ್ನು ತಿರುಗಿಸುವುದು ಟೈಮಿಂಗ್ ಬೆಲ್ಟ್. ಅದನ್ನು ಬಿಚ್ಚಿ ಒಂದು ಹಲ್ಲು ಆಚೀಚೆ ಕೂರಿಸಿದರೆ ಎಂಜಿನ್ನಿನ ಕವಾಟ, ಪಿಸ್ಟನ್‌ಗೆ ಬಡಿದು ಕಥೆ ಮುಗಿಯಬಹುದು. ಅಂಥ ಕಾರು ನಿಮ್ಮದಾಗಿದ್ದರೆ ಹುಡುಕುವ ಕೆಲಸ ನೀವು ಮಾಡಿ, ಬದಲಾಯಿಸುವುದನ್ನು ಗ್ಯಾರೇಜಿಗೆ ಬಿಡಿ. "ಪಂಪಿನಿಂದ ಸೋರುತ್ತಿದೆ" ಅಂತ ಫೋಟೋ ಸಮೇತ ಹೋದವರಿಗೆ ಹೇಳುವ ರೇಟೇ ಬೇರೆ. ನಮ್ಮದು ಹೊರಗಿನ ಬೆಲ್ಟಿನಿಂದ ತಿರುಗುವ ಪಂಪು, ಆರು ಬೋಲ್ಟು, ಕೈಗೆ ಎಟುಕುವ ಜಾಗ.

ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ಕಾರು ಬಿಚ್ಚಬಾರದು ಅಂತ ನಮ್ಮ ಬಾಡಿಗೆ ಕರಾರಿನಲ್ಲೇ ಬರೆದಿದೆ. ನಿಮ್ಮದನ್ನೂ ನೋಡಿಕೊಳ್ಳಿ. ಊರಿನ ಒಂದು ಕನ್ನಡ ಕುಟುಂಬದವರು ತಮ್ಮ ಗ್ಯಾರೇಜು ಬಿಟ್ಟುಕೊಟ್ಟರು, ಆಂಟಿ ಮಧ್ಯಾಹ್ನ ಚಿತ್ರಾನ್ನವನ್ನೂ ಕೊಟ್ಟರು. ಅವರ ಮನೆಯಲ್ಲಿ ನಾಯಿ ಇತ್ತು, ಅದನ್ನು ಇಡೀ ದಿನ ಒಳಗೇ ಕಟ್ಟಿಸಿದೆವು. ಕೂಲೆಂಟ್ ಸಿಹಿಯಾಗಿರುತ್ತದೆ, ನಾಯಿ ಬೆಕ್ಕು ನೆಕ್ಕುತ್ತವೆ. ಸ್ವಲ್ಪವೇ ಹೋದರೂ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಚೆಲ್ಲಿದ ಹನಿಯನ್ನೆಲ್ಲ ಆಗಿಂದಾಗಲೇ ಬೆಕ್ಕಿನ ತೊಟ್ಟಿಯ ಮಣ್ಣು ಹಾಕಿ ಹೀರಿಸಿ ಗುಡಿಸಬೇಕು.

ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ಕಾರನ್ನು ಜಾಕಿನಿಂದ ಎತ್ತಿ ಸ್ಟ್ಯಾಂಡಿನ ಮೇಲೆ ಕೂರಿಸಿದೆವು. ಬರೀ ಜಾಕಿನ ಮೇಲಿರುವ ಕಾರಿನಡಿ ಯಾರೂ ಹೋಗಬಾರದು, ಒಂದು ನಿಮಿಷಕ್ಕೂ. ರೇಡಿಯೇಟರಿನ ಕೆಳಗಿನ ತಿರುಪು ಸಡಿಲಿಸಿ ಕೂಲೆಂಟನ್ನು ತಟ್ಟೆಗೆ ಇಳಿಸಿ, ಬೆಲ್ಟ್ ಯಾವ ಗಾಲಿಯ ಮೇಲೆ ಹೇಗೆ ಸುತ್ತಿದೆ ಅಂತ ಫೋಟೋ ತೆಗೆದು, ಬಿಚ್ಚಿದೆವು. ಬೋಲ್ಟುಗಳ ಉದ್ದ ಒಂದೇ ಇರುವುದಿಲ್ಲ. ರಟ್ಟಿನ ಮೇಲೆ ಪಂಪಿನ ಆಕಾರ ಬರೆದು, ತೂತು ಮಾಡಿ, ಯಾವ ಬೋಲ್ಟ್ ಎಲ್ಲಿಯದೋ ಅಲ್ಲಿಗೇ ಚುಚ್ಚಿಟ್ಟರೆ ಕೂಡಿಸುವಾಗ ತಲೆ ಕೆಡುವುದಿಲ್ಲ.

ಹೊತ್ತು ಹಿಡಿದದ್ದು ಹಳೇ ಗ್ಯಾಸ್ಕೆಟ್ ಕೆರೆಯುವುದಕ್ಕೆ. ಅಲ್ಯೂಮಿನಿಯಂ ಮೆತ್ತಗೆ, ಚಾಕು ಹಾಕಿದರೆ ಗೀರು ಬಿದ್ದು ಅದೇ ಹೊಸ ಸೋರಿಕೆಯ ದಾರಿಯಾಗುತ್ತದೆ. ಪ್ಲಾಸ್ಟಿಕ್ ಕೆರೆಗತ್ತಿಯಿಂದ ತಾಳ್ಮೆಯಿಂದ ಕೆರೆದು, ಬೆರಳಿಟ್ಟರೆ ಏನೂ ತಟ್ಟದ ಹಾಗೆ ಮಾಡಬೇಕು. ಮನೆಯಲ್ಲಿ ಮಾಡಿದ ಪಂಪು ಕೆಲಸ ಮತ್ತೆ ಸೋರುವುದು ಹೆಚ್ಚಾಗಿ ಈ ಅರ್ಧ ಗಂಟೆಯ ಸೋಮಾರಿತನಕ್ಕೆ. ಕೈಪಿಡಿ ಹೇಳದಿದ್ದರೆ ಸಿಲಿಕೋನ್ ಅಂಟು ಬಳಿಯುವುದೂ ಬೇಡ. ಬೋಲ್ಟುಗಳನ್ನು ಮೊದಲು ಬೆರಳಲ್ಲೇ ತಿರುಗಿಸಿ, ಆಮೇಲೆ ಎದುರುಬದುರು ಜೋಡಿಯಾಗಿ ಟಾರ್ಕ್ ರೆಂಚಿನಿಂದ ಬಿಗಿಯಬೇಕು. 6 ಮಿಲಿಮೀಟರ್ ಬೋಲ್ಟಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು, ನಿಮ್ಮ ಕಾರಿನ ಅಂಕಿಯನ್ನು ಅದರ ಕೈಪಿಡಿಯಲ್ಲೇ ನೋಡಿ. ಜಿಮ್ಮಿಗೆ ಹೋಗುವವರ ಕೈಗೆ ಸ್ಪ್ಯಾನರ್ ಕೊಡಬೇಡಿ.

ಕೂಲೆಂಟ್ ತರುವಾಗ ಬಣ್ಣ ನೋಡಿ ತರಬಾರದು. ಗುಲಾಬಿ, ನೀಲಿ, ಹಸಿರು, ಕಿತ್ತಳೆ, ಇವೆಲ್ಲ ಕಂಪನಿಯವರು ಹಾಕುವ ಬಣ್ಣ, ಅದಕ್ಕೊಂದು ಸಾರ್ವತ್ರಿಕ ನಿಯಮವಿಲ್ಲ. ಒಳಗಿನ ತುಕ್ಕುನಿರೋಧಕ ರಾಸಾಯನಿಕ ಮುಖ್ಯ. ಜಪಾನಿ ಕಾರುಗಳಿಗೆ ಬಹುತೇಕ ಫಾಸ್ಫೇಟ್ ಇರುವಂಥದ್ದು, ಕೈಪಿಡಿಯಲ್ಲಿ ಹೇಳಿದ್ದನ್ನೇ ತನ್ನಿ. ನೀರು ಬೆರೆಸುವುದಾದರೆ ಡಿಸ್ಟಿಲ್ಡ್ ನೀರು. ನಲ್ಲಿಯ ಗಡಸು ನೀರು ಒಳಗೆ ಪೊರೆ ಕಟ್ಟುತ್ತದೆ.

ತುಂಬುವಾಗ ಎಂಜಿನ್ನಿನ ಮೇಲ್ಭಾಗದಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ. ಅದನ್ನು ಬಿಡಿಸದಿದ್ದರೆ ಹೀಟರ್ ತಣ್ಣಗೆ ಊದುತ್ತದೆ, ಎಂಜಿನ್ ಬಿಸಿಯಾಗುತ್ತದೆ, ಮಾಡಿದ ಕೆಲಸವೇ ಕೆಟ್ಟಿತೇನೋ ಅನಿಸುತ್ತದೆ. ರೇಡಿಯೇಟರ್ ಬಾಯಿಗೆ ಬಿಗಿಯಾಗಿ ಕೂರುವ ದೊಡ್ಡ ಆಲಿಕೆ ಸಿಗುತ್ತದೆ. ಕಾರಿನ ಮುಂಭಾಗ ಎತ್ತರಿಸಿ, ಹೀಟರನ್ನು ಪೂರ್ತಿ ಬಿಸಿಗೆ ಇಟ್ಟು, ಆಲಿಕೆಯಲ್ಲಿ ಕೂಲೆಂಟ್ ನಿಂತಿರುವಂತೆಯೇ ಎಂಜಿನ್ ಓಡಲು ಬಿಡಬೇಕು. ಥರ್ಮೋಸ್ಟಾಟ್ 82ರಿಂದ 88 ಡಿಗ್ರಿ ಹತ್ತಿರ ತೆರೆದುಕೊಂಡಾಗ ಗುಳುಗುಳು ಅಂತ ಗುಳ್ಳೆ ಬರುತ್ತವೆ. ಫ್ಯಾನ್ ಎರಡು ಸಲ ತಿರುಗಿ ನಿಂತು, ಗುಳ್ಳೆ ನಿಂತ ಮೇಲೆ ಎಂಜಿನ್ ಆರಿಸಿ, ತಣ್ಣಗಾದ ನಂತರ ಆಲಿಕೆ ತೆಗೆದು ಮುಚ್ಚಳ ಹಾಕಿ. ಮುಂದಿನ ಮೂರ್ನಾಲ್ಕು ದಿನ ಬೆಳಿಗ್ಗೆ ಮಟ್ಟ ನೋಡಿ, ಉಳಿದ ಗಾಳಿ ಹೋದಂತೆ ಸ್ವಲ್ಪ ಇಳಿಯುವುದು ಸಹಜ, ತುಂಬಿ.

ಲೆಕ್ಕ ಕೇಳುವವರಿಗೆ: ಮುಚ್ಚಳ 12, ಪೈಪು ಕ್ಲಾಂಪು 28, ನೀಲಿ ದ್ರವ 10, ಹೊಳೆಯುವ ಬಣ್ಣ ಮತ್ತು ಟಾರ್ಚ್ 20, ಪಂಪು ಗ್ಯಾಸ್ಕೆಟ್ ಸೇರಿ 65, ಕೂಲೆಂಟ್ ತಾಗಿ ಹಾಳಾಗಿದ್ದ ಬೆಲ್ಟಿಗೆ 30, ಎರಡು ಗ್ಯಾಲನ್ ಕೂಲೆಂಟ್ 50. ಒಟ್ಟು 215 ಡಾಲರ್, ನಾಲ್ವರಿಗೆ ಹಂಚಿದರೆ ತಲೆಗೆ 54. ಇಂಟರ್ನ್‌ಶಿಪ್ಪಿನವನು ಏಪ್ರಿಲ್ ತನಕ ದಿನಾ 80 ಮೈಲಿ ಓಡಿಸಿದ. ಕೂಲೆಂಟ್ ಗೆರೆ ಬಿಟ್ಟು ಇಳಿದಿಲ್ಲ.

ತೆಗೆದ ಹಳೇ ಕೂಲೆಂಟನ್ನು ಮೋರಿಗೋ ಹುಲ್ಲಿನ ಮೇಲೋ ಚೆಲ್ಲುವಂತಿಲ್ಲ. ಮುಚ್ಚಳವಿರುವ ಕ್ಯಾನಿಗೆ ತುಂಬಿ, ಮೇಲೆ ಹೆಸರು ಬರೆದು, ಕೌಂಟಿಯವರು ಅಪಾಯಕಾರಿ ಕಸ ತೆಗೆದುಕೊಳ್ಳುವ ದಿನ ಕೊಟ್ಟು ಬಂದೆವು. ಆಲಿಕೆ, ನೇರಳಾತೀತ ಟಾರ್ಚ್, ಅರ್ಧ ಶೀಶೆ ಬಣ್ಣ, ಚೆಂಡಿನ ಪರೀಕ್ಷಕ ಇವು ನಮ್ಮ ಹತ್ತಿರವೇ ಇವೆ. ಬೇಕಾದವರು ಗುಂಪಿನಲ್ಲಿ ಕೇಳಿ, ಒಯ್ದು ತೊಳೆದು ವಾಪಸ್ ಕೊಡಿ.